ಇಂಡಿಯಲ್ಲಿ ಕಣ ಎಣಿಸಿದ ವರ್ಷ

ಹೋದ ತಿಂಗಳು ಮುದ್ದೇಬಿಹಾಳದಲ್ಲಿ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಬಣ್ಣ ಹೊಡೆಸಿದರು. ನಾನು ಬಾಗಿಲಲ್ಲಿ ನಿಂತು, “ಏ ತಮ್ಮಾ, ಮೀಟರ್ ಮ್ಯಾಲ ಹನಿ ಬೀಳಿಸಬ್ಯಾಡಪ್ಪಾ” ಎಂದು ಪೇಂಟರನಿಗೆ ಹೇಳುತ್ತಿದ್ದೆ. ಅವನು “ಹೂಂ ರಿ ಮೇಡಂ” ಎನ್ನುತ್ತ ಬಕೀಟಿನಲ್ಲಿ ಕೋಲು ಹಾಕಿ ತಿರುವಿದ. ಹಸಿ ಬಣ್ಣದ ವಾಸನೆ ಎದ್ದು ಬಂತು. ಬೇರೆಯವರಿಗೆ ಆ ವಾಸನೆ ಎಂದರೆ ದೀಪಾವಳಿ, ಮದುವೆ, ಹೊಸ ಮನೆ. ನನಗೆ ಹಾಗಲ್ಲ. ತಲೆನೋವು ಎಂದು ಹೇಳಿ ಸ್ಟಾಫ್ ರೂಮಿಗೆ ಹೋಗಿ ಕೂತೆ. ಸುಳ್ಳು. ತಲೆ ಚೆನ್ನಾಗಿಯೇ ಇತ್ತು, ನೆನಪಾದದ್ದು ಕಸ್ತೂರಿ ಎಂಬ ಹುಡುಗಿ ಮತ್ತು ಇಂಡಿ ಊರಲ್ಲಿ ನಾನು ಕಳೆದ ಒಂದು ವರ್ಷ.

ಹತ್ತು ವರ್ಷದ ಮೇಲಾಯಿತು. ಆಗ ನಾನು ಇಂಡಿಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿಗೆ ಚಾ ಕೊಡುತ್ತಾರೆ, ಕುರ್ಚಿ ಕೊಡುತ್ತಾರೆ. ನಮಗೆ ಎರಡೂ ಇರಲಿಲ್ಲ. ಪ್ರತಿ ವರ್ಷ ಹೊಸದಾಗಿ ಕರೆ ಬರಬೇಕು, ಬರದಿದ್ದರೆ ಬಸವನ ಬಾಗೇವಾಡಿಯ ತವರಿನಲ್ಲಿ ಅವ್ವನ ಜೊತೆ ಶೇಂಗಾ ಸುಲಿಯುತ್ತ ಕೂಡಬೇಕು. ಯಾರನ್ನು ಕರೆಯಬೇಕು ಎಂದು ಬರೆದುಕೊಡುವವರು ವಿಭಾಗದ ಮುಖ್ಯಸ್ಥ ಬಿರಾದಾರ ಸರ್. ಆದ್ದರಿಂದ ಅವರು ನಕ್ಕಾಗ ನಾನೂ ನಗುತ್ತಿದ್ದೆ. ಹಾಗೆ ನಗಬೇಕಾದ ಸಿಟ್ಟನ್ನೆಲ್ಲ ಮಕ್ಕಳ ಮೇಲೆ ಕಾರುತ್ತಿದ್ದೆ. ಆ ಕಾಲೇಜಿನಲ್ಲಿ ನನ್ನಷ್ಟು ಬಿರುಸಾದ ನಾಲಿಗೆ ಇನ್ನೊಬ್ಬರಿಗೆ ಇರಲಿಲ್ಲ, ಅದರ ಬಗ್ಗೆ ನನಗೆ ಜಂಬವೂ ಇತ್ತು.

ಶ್ರಾವಣದಲ್ಲಿ ಕೊನೆಯ ವರ್ಷದ ಮಕ್ಕಳಿಗೆ ಒಂದು ಪ್ರಯೋಗ ಕೊಟ್ಟೆ. ಲೈಕೊಪೋಡಿಯಂ ಎಂಬ ಹಳದಿ ಪುಡಿಯನ್ನು ಗಾಜಿನ ಮೇಲೆ ಉದುರಿಸಿ ಅದರ ಮೂಲಕ ಲೇಸರ್ ಬೆಳಕು ಬಿಟ್ಟರೆ ಎದುರಿನ ಗೋಡೆಯ ಮೇಲೆ ಉಂಗುರಗಳು ಮೂಡುತ್ತವೆ. ಉಂಗುರ ಅಳೆದರೆ ಕಣದ ಗಾತ್ರ ಸಿಗುತ್ತದೆ. ಕಣಗಳೆಲ್ಲ ಒಂದೇ ಗಾತ್ರದವು ಇದ್ದರೆ ಮಾತ್ರ ಉಂಗುರ ಮೂಡುವುದು. ನಾನು ಹಿಂದಿನ ದಿನವೇ ಬಾಟಲಿಯಲ್ಲಿದ್ದ ಪುಡಿ ತೆಗೆದು ನನ್ನ ರೂಮಿನ ಡಬ್ಬಿಯಿಂದ ತಂದ ಜೋಳದ ಹಿಟ್ಟು ಹಾಕಿ, ಹಳದಿ ಕಾಣಲಿ ಎಂದು ಚಿಟಿಕೆ ಅರಿಸಿನ ಬೆರೆಸಿ ಇಟ್ಟಿದ್ದೆ. ಹಿಟ್ಟಿನ ಕಣ ಸಣ್ಣದು ದೊಡ್ಡದು ಎಲ್ಲ ಇರುತ್ತವೆ. ಬೆಳಕು ಬರೀ ಮಬ್ಬಾಗಿ ಹರಡುತ್ತದೆ, ಒಂದು ಉಂಗುರವೂ ಕಾಣುವುದಿಲ್ಲ.

ಇಪ್ಪತ್ತೆರಡು ಮಕ್ಕಳು ರೆಕಾರ್ಡ್ ಪುಸ್ತಕ ಬರೆದು ತಂದಿಟ್ಟರು. ಇಪ್ಪತ್ತೆರಡರಲ್ಲೂ ಮೂರು ಉಂಗುರ, ಇಪ್ಪತ್ತೆರಡರಲ್ಲೂ ಅದೇ ಗಾತ್ರ. ಗಂಟಿನ ಮೇಲೆ ಇದ್ದದ್ದು ಎಲ್ಲರಿಗಿಂತ ಚೊಕ್ಕ ಅಕ್ಷರದ ಪುಸ್ತಕ.

“ಯಾರದಿದು?”

“ನಂದರಿ ಮೇಡಂ.” ಎರಡನೆಯ ಬೆಂಚಿನಿಂದ ಒಬ್ಬ ತೆಳ್ಳನೆಯ ಹುಡುಗಿ ಎದ್ದು ನಿಂತಳು. ಅವಳೇ ಕಸ್ತೂರಿ. ಸಿಂದಗಿ ಕಡೆಯ ಒಂದು ಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ತಂದೆ ಇರಲಿಲ್ಲ, ತಾಯಿ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು.

“ಎಷ್ಟು ರಿಂಗ್ ಕಂಡ್ವು?”

“ಮೂರು ರಿ.”

“ಖರೇನ?”

“ಹೌದ್ರಿ.”

“ಅದು ಜ್ವಾಳದ ಹಿಟ್ಟು. ಹಿಟ್ಟಿನ್ಯಾಗ ರಿಂಗ್ ಕಂಡಾಕಿ ಜಗತ್ತಿನ್ಯಾಗ ನೀ ಒಬ್ಬಾಕಿ ನೋಡವ್ವಾ. ಬಾ, ಒಂದು ಹಾರ ಹಾಕ್ತೇನಿ.”

ಕ್ಲಾಸು ಗೊಳ್ಳೆಂದು ನಕ್ಕಿತು. ನಕ್ಕವರೆಲ್ಲರ ಪುಸ್ತಕದಲ್ಲೂ ಅದೇ ಮೂರು ಉಂಗುರ ಇದ್ದವು. ನಾನು ಅವಳ ರೆಕಾರ್ಡ್ ಪುಸ್ತಕವನ್ನು ನಡುವಿಗೆ ಹರಿದು ನೆಲಕ್ಕೆ ಹಾಕಿದೆ. ಉಳಿದ ಇಪ್ಪತ್ತೊಂದಕ್ಕೆ ಸಹಿ ಮಾಡಿದೆ. ಅವಳು ಬಗ್ಗಿ ಹಾಳೆಗಳನ್ನು ಒಂದೊಂದಾಗಿ ಆರಿಸಿಕೊಂಡಳು, ಅಳಲಿಲ್ಲ. ಅತ್ತಿದ್ದರೆ ನನಗೆ ಇನ್ನಷ್ಟು ಖುಷಿಯಾಗುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಸಂಜೆ ಅಟೆಂಡರ್ ಮಲ್ಲಣ್ಣ ಬಾಗಿಲ ಬಳಿ ಬಂದು ನಿಂತ. “ಮೇಡಂ, ಹುಡುಗಿದು ತಪ್ಪಿಲ್ಲರಿ. ಹಳೇ ರೆಕಾರ್ಡ್ ನಾನ ಕೊಟ್ಟೇನಿ. ಇಪ್ಪತ್ತು ವರ್ಷಾತು, ಎಲ್ಲಾರಿಗೂ ಕೊಡ್ತೇನಿ. ಮೊದಲ ಉತ್ತರ ಬರಿಯೂದು, ಆಮ್ಯಾಲ ಅದಕ್ಕ ರೀಡಿಂಗ್ ಕೂಡಿಸೂದು. ಬಿರಾದಾರ ಸರ್ ಇಲ್ಲೇ ಕಲ್ತಾರಲ್ರಿ, ಅವ್ರೂ ಹಂಗ ಪಾಸಾಗ್ಯಾರ.”

ಮಲ್ಲಣ್ಣ ಹೇಳಿದ್ದು ನಿಜ. ನಮ್ಮ ಕಡೆ ಪ್ರಯೋಗ ಎಂದರೆ ಅದೇ. ಲೋಲಕ ತೂಗಲಿ ಬಿಡಲಿ, ಪುಸ್ತಕದ ಉತ್ತರ ಬಂದೇ ಬರಬೇಕು. ನಾನೂ ಹಾಗೆಯೇ ಓದಿ ಬಂದವಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಆ ಜಾತಿ ನನ್ನದು.

ಮರುದಿನ ಕಸ್ತೂರಿ ಬೇರೆ ಪುಸ್ತಕ ತಂದಳು. ಹಿಟ್ಟಿನ ಪ್ರಯೋಗವನ್ನು ಒಬ್ಬಳೇ ಕೂತು ಮತ್ತೆ ಮಾಡಿದ್ದಳು. ಫಲಿತಾಂಶದ ಜಾಗದಲ್ಲಿ, “ಬೆಳಕು ಹರಡಿತು. ಉಂಗುರ ಕಾಣಲಿಲ್ಲ. ಅಳೆಯಲು ಆಗಲಿಲ್ಲ” ಎಂದಿತ್ತು. ಆ ಕಾಲೇಜಿನ ಗೋಡೆ ಕಟ್ಟಿದ ಮೇಲೆ ಯಾರೂ ಬರೆಯದ ಸಾಲುಗಳು ಅವು. ನನಗೆ ಎದೆ ತುಂಬಿ ಬಂತು. ಬಾಯಿ ಮಾತ್ರ, “ಅಕ್ಷರ ಯಾಕ ಸೊಟ್ಟ ಆಗ್ಯಾವ?” ಎಂದಿತು.

ದೀಪಾವಳಿಯ ನಂತರ ಪ್ರಾಜೆಕ್ಟಿಗೆ ಅವಳನ್ನೇ ಆರಿಸಿದೆ. ಅದರಲ್ಲಿ ನನ್ನ ಸ್ವಾರ್ಥ ಇತ್ತು. ನನ್ನ ಪಿಎಚ್.ಡಿ. ಅರ್ಧಕ್ಕೆ ನಿಂತಿತ್ತು. ವಿಷಯ ಹೇಳಿದರೆ ನೆಂಟರೆಲ್ಲ, ‘ಇದಕ್ಕೂ ಡಾಕ್ಟರ್ ಅಂತಾರೇನು’ ಎಂದು ನಗುತ್ತಿದ್ದರು. ನೀರಿನಲ್ಲೋ ಎಣ್ಣೆಯಲ್ಲೋ ಕರಗದೆ ತೇಲುವ ಅತಿ ಸಣ್ಣ ಕಣಗಳು, ಹನಿಯ ದುಂಡು ಮೈಮೇಲೆ ತಾವಾಗಿಯೇ ಹೇಗೆ ಸಾಲುಗೂಡಿ ಕೂಡುತ್ತವೆ ಎಂಬುದು ವಿಷಯ. ಹಾಲು, ಮಸಿ, ಗೋಡೆಯ ಬಣ್ಣ ಎಲ್ಲ ಇಂಥ ಕಣಗಳ ಸಂಸಾರವೇ. ಪಠ್ಯಪುಸ್ತಕದಲ್ಲಿ ಅದಕ್ಕೆ ಕಲಿಲ ಎನ್ನುತ್ತಾರೆ, ಮಕ್ಕಳು ಕೊಲಾಯ್ಡ್ ಎನ್ನುತ್ತಾರೆ.

ಆ ವರ್ಷ ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು, ಎಲ್ಲ ಕಡೆ ಬಣ್ಣ ಹೊಡೆಯುತ್ತಿದ್ದರು. ಕಸ್ತೂರಿಗೆ ನಾನು ಪಾಠ ಮಾಡಿದ್ದು ಆ ಬಕೀಟುಗಳ ನಡುವೆ. ಮೇಜಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಸುತ್ತ ನಾಣ್ಯ ಜೋಡಿಸು ಎಂದೆ. ಆರು ಹಿಡಿದವು. ಅವುಗಳ ಸುತ್ತಲೂ ಜೋಡಿಸುತ್ತ ಹೋದರೆ ಪ್ರತಿಯೊಂದಕ್ಕೂ ಆರೇ ನೆರೆಯವರು. ಸಮತಟ್ಟಾದ ಜಾಗದಲ್ಲಿ ಇದು ಎಷ್ಟು ದೂರ ಬೇಕಾದರೂ ನಡೆಯುತ್ತದೆ. ಆದರೆ ದುಂಡಾದ ಮೈಮೇಲೆ ನಡೆಯುವುದಿಲ್ಲ. ಎಣ್ಣೆಹನಿ ನೀರಿನಲ್ಲಿದ್ದಾಗ ಎರಡರ ಗಡಿಯಲ್ಲಿ ಒಮ್ಮೆ ಕೂತ ಕಣ ಎದ್ದು ಹೋಗುವುದಿಲ್ಲ, ಹಿಡಿತ ಅಷ್ಟು ಗಟ್ಟಿ. ಅಕ್ಕಪಕ್ಕಕ್ಕೆ ಮಾತ್ರ ಸರಿದಾಡುತ್ತ, ಒಂದನ್ನೊಂದು ದೂಡುತ್ತ ಜಾಗ ಹಂಚಿಕೊಳ್ಳುತ್ತವೆ. ಹಂಚಿಕೊಳ್ಳುವಾಗ ಎಲ್ಲೋ ಒಂದು ಕಣಕ್ಕೆ ಐದೇ ನೆರೆ ಸಿಗುತ್ತದೆ. ಎಲ್ಲೋ ಒಂದಕ್ಕೆ ಏಳು ಬಂದು ಇಕ್ಕಟ್ಟಾಗುತ್ತದೆ. ಐದರವನ್ನು ಎಣಿಸಿ ಅದರಲ್ಲಿ ಏಳರವನ್ನು ಕಳೆದರೆ ಉಳಿಯುವುದು ಕೊರತೆ. ಇಡೀ ಹನಿಯನ್ನು ಸುತ್ತುಗಟ್ಟಿ ಎಣಿಸಿದರೆ ಆ ಕೊರತೆ ಯಾವಾಗಲೂ ಹನ್ನೆರಡು. ಹನಿ ದೊಡ್ಡದಿರಲಿ, ಸಣ್ಣದಿರಲಿ, ತುಸು ಉದ್ದವಾಗಿರಲಿ, ಹನ್ನೆರಡು ತಪ್ಪುವುದಿಲ್ಲ.

ನಮ್ಮ ಬಳಿ ಇಡೀ ಹನಿ ಇರಲಿಲ್ಲ. ದೂರದ ಪ್ರಯೋಗಾಲಯದಲ್ಲಿದ್ದ ಗೆಳತಿಯೊಬ್ಬಳು ಸೂಕ್ಷ್ಮದರ್ಶಕದಲ್ಲಿ ತೆಗೆದು ಕಳಿಸಿದ ನಲವತ್ತು ಹನಿಗಳ ಚಿತ್ರಗಳಿದ್ದವು. ಮೇಲಿನಿಂದ ತೆಗೆದ ಚಿತ್ರ, ಹನಿಯ ಅರ್ಧಕ್ಕಿಂತ ತುಸು ಕಡಿಮೆ ಮಾತ್ರ ಕಾಣುತ್ತದೆ. ಆದ್ದರಿಂದ ಅದರಲ್ಲಿ ನಾಲ್ಕೋ ಐದೋ ಕೊರತೆ ಸಿಗಬೇಕು, ಒಂದೊಂದರಲ್ಲಿ ಹೆಚ್ಚು ಕಡಿಮೆ ಆಗಬಹುದು. ಉಳಿದದ್ದು ಕಾಣದ ಕೆಳಗಿನ ಭಾಗದಲ್ಲಿ ಇರುತ್ತದೆ. ಎಷ್ಟು ಬಾಗು ಕಂಡರೆ ಎಷ್ಟು ಕೊರತೆ ಎಂಬ ಲೆಕ್ಕವೇ ನನ್ನ ಪ್ರಬಂಧ.

ಚಿತ್ರಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಮುದ್ರಿಸಿ ತಂದೆ. ಒಂದೊಂದರಲ್ಲಿ ಇನ್ನೂರು ಮುನ್ನೂರು ಕಣ. ಐದು ನೆರೆಯದಕ್ಕೆ ಕೆಂಪು ಪೆನ್ಸಿಲ್, ಏಳರದಕ್ಕೆ ನೀಲಿ. ಪ್ರತಿ ಹನಿಯನ್ನು ಬೇರೆ ಬೇರೆ ದಿನ ಎರಡು ಸಲ, ಮೊದಲಿನ ಎಣಿಕೆ ನೋಡದೆ ಎಣಿಸಬೇಕು. ಎರಡೂ ಹೊಂದದಿದ್ದರೆ ಮೂರನೆಯ ಸಲ. ಬಂದದ್ದನ್ನು ಬಂದ ಹಾಗೆ ಬರೆಯಬೇಕು. “ಒಂದು ಅಂಕಿ ತಿದ್ದಿದ್ದು ಗೊತ್ತಾದ್ರ ಕಾಲೇಜ್ ಬಿಡಸ್ತೇನಿ” ಎಂದು ಹೆದರಿಸಿದ್ದೆ.

ಆ ಚಳಿಗಾಲವೆಲ್ಲ ಅವಳು ಕತ್ತಲೆ ಕೋಣೆಯಲ್ಲಿ ಟೇಬಲ್ ಲ್ಯಾಂಪ್ ಹಚ್ಚಿಕೊಂಡು ಕಣ ಎಣಿಸಿದಳು. ಹೊರಗೆ ಹೊಲದ ತುಂಬ ಬಿಳಿಜೋಳ ತೆನೆ ಕಟ್ಟುತ್ತಿತ್ತು. ನಾನು ಹಿಂದಿನಿಂದ ಬಂದು ನಿಂತು ತಪ್ಪು ಹುಡುಕುತ್ತಿದ್ದೆ. ಒಮ್ಮೆ ಅವಳ ಅಜ್ಜಿ ತೀರಿಕೊಂಡು ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದವಳಿಗೆ ನಾನು ಹೇಳಿದ ಮೊದಲ ಮಾತು, “ನಾಕು ಹನಿ ಹಿಂದ ಬಿದ್ದಿ.” ಅವಳು “ಹೌದ್ರಿ” ಎಂದು ಪೆನ್ಸಿಲ್ ಕೆತ್ತಿಕೊಂಡಳು.

ಎಳ್ಳ ಅಮಾವಾಸ್ಯೆಗೆ ನನ್ನನ್ನು ಊಟಕ್ಕೆ ಕರೆದಳು. ಯಾಕೆ ಕರೆದಳೋ, ನಾನು ಯಾಕೆ ಹೋದೆನೋ. ಹೊಲದಲ್ಲಿ ಸಜ್ಜಿ ಕಡುಬು, ಭಜ್ಜಿ, ಎಣ್ಣೆಗಾಯಿ ಬಡಿಸಿದ ಮೇಲೆ ತಾಯಿ ಮನೆಯಿಂದ ತಂದಿದ್ದ ಗಂಟು ಬಿಚ್ಚಿ ಒಂದು ಇಡೀ ಒಣಕೊಬ್ಬರಿ ತೋರಿಸಿದಳು. ಮೈತುಂಬ ಒತ್ತೊತ್ತಾಗಿ ಸಾಬುದಾಣಿ ಅಂಟಿಸಿತ್ತು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಮಂಟಪದ ಮಗ್ಗುಲಿಗೆ ಸಾಲಾಗಿ ಇಡುವ ಅಲಂಕಾರದ ಸಾಮಾನಿಗೆ ನಮ್ಮಲ್ಲಿ ರುಖವತ ಎನ್ನುತ್ತಾರೆ. ಊರಲ್ಲಿ ಯಾರ ಮದುವೆ ಇದ್ದರೂ ರುಖವತದ ಕೊಬ್ಬರಿ ಆಕೆಯದೇ ಅಂತೆ. ಬಿಳಿ ಸಾಬುದಾಣಿಯ ನಡುವೆ ಅಲ್ಲಲ್ಲಿ ಒಂದೊಂದು ಕೆಂಪು ಮಣಿ ಇತ್ತು.

“ಸುತ್ತ ಆರಾರು ಹಚ್ಚಕೋತ ಹೋಗಬೇಕ್ರಿ ಅಕ್ಕಾರ,” ಎಂದಳು ತಾಯಿ. “ಎಲ್ಲೋ ಒಂದ ಕಡೆ ಐದ ಹಿಡಿತಾವ. ಅಲ್ಲಿ ಜಬರದಸ್ತಿ ಆರನೇದು ತುರುಕಿದ್ರ ಮಗ್ಗಲದ್ದು ಎದ್ದು ಬರ್ತಾವ. ಅದಕ್ಕ ನಡುವಿಂದು ತಗದು ಕೆಂಪ ಮಣಿ ಇಡ್ತೇನಿ. ಮಂದಿ ಡಿಜೈನ್ ಅಂತಾರ.”

ನಾನು ಆರು ತಿಂಗಳು ಗ್ರಂಥಾಲಯದಲ್ಲಿ ಕೂತು ಕಲಿತದ್ದನ್ನು ಆಕೆ ಬೆರಳಿನಲ್ಲಿ ಕಲಿತಿದ್ದಳು. ಕಸ್ತೂರಿ ನನ್ನ ಮುಖ ನೋಡಿ ನಕ್ಕಳು. ಅವಳು ನಕ್ಕದ್ದನ್ನು ಕಂಡದ್ದು ಅದೇ ಮೊದಲು. ಆಮೇಲೆ ತಾಯಿ ಕೈ ಒರೆಸಿಕೊಂಡು ಕೇಳಿದಳು, “ಅದೇನೋ ಎರಡ ತಿಂಗಳ ಟ್ರೇನಿಂಗ್ ಐತಂತಲ್ರಿ, ಅದಕ್ಕ ಇಕಿ ಹೆಸರು ಹೋಗತೈತೇನ್ರಿ? ಅಲ್ಲಿಂದ ಎಮ್ಮೆಸ್ಸಿಗೆ ಅವರ ತಗೋತಾರಂತ. ಹೋತಂದ್ರ ಓದಸ್ತೇನಿ. ಇಲ್ಲಾಂದ್ರ ಖರೇ ಹೇಳ್ತೇನ್ರಿ, ನನ್ನ ಕೈ ಸೋತಾವ, ಸಾಲಿ ಅಡಗಿಗೆ ಇಕಿನ್ನ ಕರಕೊಳ್ತೇನಿ.”

ದೂರದ ಸಂಶೋಧನಾ ಸಂಸ್ಥೆಯೊಂದು ಹಳ್ಳಿಗಾಡಿನ ಕಾಲೇಜುಗಳಿಂದ ಒಬ್ಬೊಬ್ಬರನ್ನು ಬೇಸಿಗೆಯ ತರಬೇತಿಗೆ ಕರೆಯುತ್ತಿತ್ತು. ನಮ್ಮ ಕಾಲೇಜಿಗೆ ಒಂದೇ ಜಾಗ. ಪ್ರಾಜೆಕ್ಟಿನ ಅಂಕ ಮತ್ತು ಮುಖ್ಯಸ್ಥರ ಪತ್ರ ನೋಡಿ ಕರೆಯುತ್ತಿದ್ದರು. “ಹೋಗತೈತವ್ವಾ, ಇಕಿದ ಹೋಗತೈತಿ,” ಎಂದೆ. ಕಡುಬಿನ ಋಣಕ್ಕೆ ಹೇಳಿದ ಮಾತಲ್ಲ. ನಂಬಿಯೇ ಹೇಳಿದೆ.

ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ನಡೆದದ್ದು ಮೇ ತಿಂಗಳಲ್ಲಿ. ಇಂಡಿಯ ಬಿಸಿಲಿಗೆ ನಾಯಿಗಳು ನಳದ ಕೆಳಗೆ ಮಲಗಿದ್ದವು. ಸೆಮಿನಾರ್ ಹಾಲಿಗೆ ಹಿಂದಿನ ದಿನವಷ್ಟೇ ಕೊನೆಯ ಕೋಟು ಹೊಡೆದಿದ್ದರು, ಕಿಟಕಿ ಮುಚ್ಚಿದ್ದರಿಂದ ಬಣ್ಣದ ವಾಸನೆ ಗಂಟಲಿಗೆ ಕೂಡುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಊಟ ಮುಗಿಸಿ ಅರ್ಧ ಕಣ್ಣು ಮುಚ್ಚಿ ಕೂತಿದ್ದರು. ಕೇಳುವವರು ಬಿರಾದಾರ ಸರ್ ಒಬ್ಬರೇ. ಹಿಂದಿನ ಬೆಂಚುಗಳಲ್ಲಿ ಇಡೀ ಕ್ಲಾಸು.

ಕಸ್ತೂರಿ ಚೆನ್ನಾಗಿ ಹೇಳಿದಳು. ಚಿತ್ರ ತೋರಿಸಿದಳು, ಕೆಂಪು ನೀಲಿ ತೋರಿಸಿದಳು, ನಲವತ್ತು ಹನಿಗಳ ಕೊರತೆಯನ್ನು ಫಲಕದ ಮೇಲೆ ಬರೆದಳು. ನಾಲ್ಕು, ಐದು, ಐದು, ಮೂರು, ಏಳು, ನಾಲ್ಕು. ಬಿರಾದಾರ ಸರ್ ಕೈ ಎತ್ತಿದರು.

“ತಂಗಿ, ಗೋಳದ ಮ್ಯಾಲ ಎಷ್ಟು ಬರಬೇಕು?”

“ಹನ್ನೆರಡು ರಿ ಸರ್.”

“ಇಲ್ಲಿ ಎಷ್ಟು ಬಂದಾವ?”

“ಇದು ಅರ್ಧಕ್ಕಿಂತ ಕಡಿಮಿ ರಿ ಸರ್. ಉಳಿದದ್ದು ಕೆಳಗ ಅದಾವ್ರಿ, ಫೋಟೊದಾಗ ಕಾಣಂಗಿಲ್ಲ.”

“ಕಾಣಂಗಿಲ್ಲ, ಆದ್ರ ಅದಾವ.” ಅವರು ಹಿಂದಕ್ಕೆ ತಿರುಗಿ ಮಕ್ಕಳತ್ತ ನೋಡಿದರು. “ದೆವ್ವದ ಕತಿ ಆತಲ್ಲವಾ ಇದು.” ಮಕ್ಕಳು ನಕ್ಕರು. “ಸಿದ್ಧಾಂತ ಹನ್ನೆರಡು ಅಂತೈತಿ, ನೀ ಮೂರು ಅಂತಿ. ಜಗತ್ತಿನ ದೊಡ್ಡ ದೊಡ್ಡ ಗಣಿತದವರು ಸುಳ್ಳು, ನೀ ಖರೇ?”

ಕಸ್ತೂರಿ ನನ್ನತ್ತ ನೋಡಿದಳು. ನಾನು ಮುಂದಿನ ಸಾಲಿನಲ್ಲೇ ಇದ್ದೆ. ಒಂದು ಸಾಲಿನ ಮಾತು, ‘ಸರ್, ಹನ್ನೆರಡು ಇಡೀ ಗೋಳಕ್ಕೆ, ಇದು ತುಂಡು’ ಎಂದರೆ ಮುಗಿಯುತ್ತಿತ್ತು. ಆದರೆ ಅಷ್ಟು ಮಂದಿಯ ಎದುರು ಅವರನ್ನು ತಿದ್ದಿದ ಅತಿಥಿಯನ್ನು ಜೂನ್ ತಿಂಗಳಲ್ಲಿ ಯಾರು ಕರೆಯುತ್ತಾರೆ? ನಾನು ಕೈಯಲ್ಲಿದ್ದ ಹಾಳೆ ತಿರುವಿದೆ.

ಅವಳು ಸುಮ್ಮನಾಗಲಿಲ್ಲ. ಚೀಲದಿಂದ ಸಾಬುದಾಣಿಯ ಕೊಬ್ಬರಿ ತೆಗೆದಳು. ಇದಕ್ಕಾಗಿಯೇ ತಾಯಿ ಮಗಳು ಕೂಡಿ ಹೊಸದಾಗಿ ಮಾಡಿದ್ದರು. ಐದರ ಜಾಗದಲ್ಲಿ ಕೆಂಪು ಮಣಿ, ಏಳರ ಜಾಗದಲ್ಲಿ ನೀಲಿ. “ಸರ್, ಒಂದ ಮಗ್ಗಲಿಂದ ನೋಡಿದ್ರ ಐದಾರ ಕಾಣ್ತಾವ್ರಿ. ತಿರುವಿದ್ರ...”

ಅವರು ಕೊಬ್ಬರಿಯನ್ನು ಕಸಿದುಕೊಂಡು ಗಟ್ಟಿಯಾಗಿ ಎಣಿಸತೊಡಗಿದರು. ಒಂದು, ಎರಡು, ಮೂರು. ಹುಡುಗರೂ ಜೊತೆಗೂಡಿದರು. ಕೆಂಪು ಮಣಿ ಹದಿಮೂರು ಬಂದವು.

“ಹದಿಮೂರು!” ಅವರು ಅದನ್ನು ಎತ್ತಿ ಹಿಡಿದರು. “ಫೋಟೊದಾಗ ಮೂರು, ನಿಮ್ಮವ್ವನ ಕೊಬ್ಬರ‍್ಯಾಗ ಹದಿಮೂರು. ಒಟ್ಟಿನ ಮ್ಯಾಲ ಹನ್ನೆರಡು ಅಂತೂ ನಿಮ್ಮ ಮನಿತನಕ್ಕ ಬರಂಗಿಲ್ಲ. ಇದು ಫಿಜಿಕ್ಸ್ ಡಿಪಾರ್ಟ್‌ಮೆಂಟ್ ತಂಗಿ, ಮದುವಿ ಮಂಟಪ ಅಲ್ಲ.”

“ಸರ್, ನೀಲಿದು ಒಂದೈತ್ರಿ, ಅದನ್ನ ಕಳೀಬೇಕ್ರಿ...” ಎಂದಳು ಅವಳು. ನಗೆಯಲ್ಲಿ ಆ ಮಾತು ಯಾರಿಗೂ ಕೇಳಲಿಲ್ಲ. ನನಗೆ ಕೇಳಿತು. ಹದಿಮೂರರಲ್ಲಿ ಒಂದು ಕಳೆದರೆ ಹನ್ನೆರಡು. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆಗ ಬಿರಾದಾರ ಸರ್ ನನ್ನ ಕಡೆ ತಿರುಗಿದರು. “ಏನ್ರಿ ಮೇಡಂ, ನೀವ ಗೈಡ್. ನೀವ ಹೇಳ್ರಿ. ಗೋಳಕ್ಕ ಹನ್ನೆರಡು ಹೌದಿಲ್ಲೋ?”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಎದ್ದು ನಿಂತು, “ಹೌದ್ರಿ ಸರ್, ಹನ್ನೆರಡು,” ಎಂದೆ.

ಹೇಳಿದ್ದು ಸತ್ಯವೇ. ನನ್ನ ಜೀವನದಲ್ಲಿ ಅದಕ್ಕಿಂತ ನೀಚ ಮಾತನ್ನು ನಾನು ಆಡಿಲ್ಲ. ಕಸ್ತೂರಿ ಡಸ್ಟರ್ ತೆಗೆದುಕೊಂಡು ಫಲಕದ ಮೇಲಿನ ಅಂಕಿಗಳನ್ನು ಒಂದೊಂದಾಗಿ ಅಳಿಸಿ, ಕೈ ಜೋಡಿಸಿ ಕೆಳಗಿಳಿದಳು. ಕೊಬ್ಬರಿ ಮೇಜಿನ ಮೇಲೆಯೇ ಉಳಿಯಿತು.

ಸಂಜೆ ಬಿರಾದಾರ ಸರ್ ನನ್ನನ್ನು ಕರೆದು ದೊಡ್ಡಮನಸ್ಸು ತೋರಿಸಿದರು. “ಹುಡುಗಿ ಬಡವಿ ಐತ್ರಿ ಪಾಪ. ನಾಳಿ ಮುಂಜಾನಿತನಾ ಟೈಮ್ ಕೊಡ್ತೇನಿ. ಎಲ್ಲಾ ಹನಿಗೂ ಹನ್ನೆರಡು ಬರೂಹಂಗ ತಿದ್ದಿ ರಿಪೋರ್ಟ್ ಕೊಡಾಕ ಹೇಳ್ರಿ. ಮಾರ್ಕ್ಸ್ ಹಾಕ್ತೇನಿ, ಟ್ರೇನಿಂಗಿಗೂ ಬರದ ಕೊಡ್ತೇನಿ.” ನನಗೆ ನಿರಾಳವಾಯಿತು. ಓಡಿದಂತೆ ಬಸ್ ನಿಲ್ದಾಣಕ್ಕೆ ಹೋದೆ. ಕಸ್ತೂರಿ ಸಿಂದಗಿ ಬಸ್ಸಿನ ಜಾಗದಲ್ಲಿ ಕಲ್ಲಿನ ಮೇಲೆ ಕೂತಿದ್ದಳು, ನನ್ನನ್ನು ಕಂಡು ಎದ್ದು ನಿಂತಳು.

“ತಿದ್ದಿ ಕೊಡು,” ಎಂದೆ. “ಬರೇ ಅಂಕಿ ಅಲ್ಲೇನು? ನಾನ ಕೂತು ಬರೆಸ್ತೇನಿ. ನಿನ್ನ ಕೆಲಸ ಆಗತೈತಿ.”

ಅವಳು ಬಸ್ಸು ಬರುವ ದಾರಿಯತ್ತ ನೋಡಿದಳು. ಆಮೇಲೆ, “ಫೋಟೊದಾಗ ಅಷ್ಟು ಇಲ್ಲರಿ ಮೇಡಂ,” ಎಂದಳು.

“ಗೊತ್ತೈತಿ.”

“ನಿಮಗ ಗೊತ್ತೈತಿ ಅನ್ನೂದು ನಂಗೂ ಗೊತ್ತೈತ್ರಿ. ಅಲ್ಲಿ ಒಂದ ಮಾತ ಹೇಳಬೇಕಿತ್ರಿ ನೀವು.”

ನನಗೆ ಸಿಟ್ಟು ಬಂತು. ತಪ್ಪು ನನ್ನದಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. “ಹರಿಶ್ಚಂದ್ರನ ಮಗಳಾಗಬ್ಯಾಡ,” ಎಂದೆ. “ನಿಮ್ಮವ್ವಗ ಅನ್ನ ಬೇಯಿಸಿ ಬೇಯಿಸಿ ಕೈ ಸೋತಾವ. ನೀನೂ ಅದ ಕೊಪ್ಪರಿಗಿ ಮುಂದ ಕುಂದ್ರಾಕಿ.” ಅಷ್ಟರಲ್ಲಿ ಬಸ್ಸು ಬಂತು. ಅವಳು ಹತ್ತಿ, ಕಿಟಕಿಯ ಬಳಿ ಜಾಗವಿದ್ದರೂ ಆ ಕಡೆಯ ಸೀಟಿಗೆ ಹೋಗಿ ಕೂತಳು.

ವರದಿ ತಿದ್ದಿ ಬರಲಿಲ್ಲ. ಅವಳಿಗೆ ಪಾಸಾಗುವಷ್ಟು ಮಾತ್ರ ಅಂಕ ಬಿತ್ತು. ತರಬೇತಿಗೆ ಬೇರೆ ಹುಡುಗ ಹೋದ, ಅವನ ಪ್ರಾಜೆಕ್ಟಿನಲ್ಲಿ ಎಲ್ಲ ಉತ್ತರ ಪುಸ್ತಕದಂತೆಯೇ ಬಂದಿದ್ದವು. ಜೂನ್‌ನಲ್ಲಿ ನನಗೆ ಕರೆ ಬಂತು. ಕಸ್ತೂರಿ ತಾಯಿಯ ಜೊತೆ ಶಾಲೆಯ ಅಡುಗೆ ಕೋಣೆಗೆ ಹೋಗುತ್ತಿದ್ದಾಳೆ ಎಂದು ಮಲ್ಲಣ್ಣ ಹೇಳಿದ. ಅವಳು ಬಿಟ್ಟುಹೋದ ಎಣಿಕೆಯ ಹಾಳೆಗಳ ಗಂಟು ಕತ್ತಲೆ ಕೋಣೆಯಲ್ಲೇ ಇತ್ತು. ಅದನ್ನು ನಾನು ಚೀಲಕ್ಕೆ ಹಾಕಿಕೊಂಡು ಬಸವನ ಬಾಗೇವಾಡಿಗೆ ಒಯ್ದೆ. ಆ ಎಣಿಕೆಯ ಮೇಲೆಯೇ ನನ್ನ ಪಿಎಚ್.ಡಿ. ನಿಂತಿತು. ಪರೀಕ್ಷಕರೊಬ್ಬರು, ಈ ಕೆಲಸದ ಬಲವೇ ಎಣಿಕೆಯಲ್ಲಿರುವ ಪ್ರಾಮಾಣಿಕತೆ ಎಂದು ಹೊಗಳಿದರು. ಆ ಪದವಿಯಿಂದ ಮುದ್ದೇಬಿಹಾಳದ ಕಾಯಂ ನೌಕರಿ ಬಂತು. ಕೃತಜ್ಞತೆಯ ಪುಟದಲ್ಲಿ ‘ನೆರವಾದ ವಿದ್ಯಾರ್ಥಿನಿಗೆ’ ಎಂದು ಬರೆದೆ, ಹೆಸರು ಹಾಕಲಿಲ್ಲ. ಹೆಸರು ಹಾಕಿದರೆ ಬಿರಾದಾರ ಸರ್ ಏನಂದಾರು ಎಂಬ ಹೆದರಿಕೆ ಆಗಲೂ ಇತ್ತು.

ಹೋದ ತಿಂಗಳು ಬಣ್ಣದ ವಾಸನೆ ಕುಡಿದ ಆ ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ. ಭಾನುವಾರ ಪ್ರಬಂಧದ ದಪ್ಪ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಸಿಂದಗಿ ಬಸ್ಸು ಹತ್ತಿದೆ. ಕಸ್ತೂರಿ ಈಗ ತನ್ನ ಹಳ್ಳಿಯ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಾಳೆ ಎಂದು ಗೊತ್ತಿತ್ತು. ಭಾನುವಾರವೂ ತೆರೆದಿರುತ್ತದೆ ಎಂದು ಬಸ್ಸಿನಿಂದ ಇಳಿದ ಮೇಲೆ ಅಂಗಡಿಯವರು ಹೇಳಿದರು. ಒಂದೇ ಕೋಣೆ, ನಾಲ್ಕು ಕಪಾಟು. ಚಾಪೆಯ ಮೇಲೆ ಹತ್ತಾರು ಮಕ್ಕಳು ಓದುತ್ತಿದ್ದರು. ಅವಳು ತುಸು ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು.

“ಬರ್ರಿ ಮೇಡಂ,” ಎಂದು ಕುರ್ಚಿ ಬಿಟ್ಟುಕೊಟ್ಟಳು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ, ಸಂತೋಷವನ್ನೂ ಪಡಲಿಲ್ಲ. ತಾಯಿ ಹೋಗಿ ಮೂರು ವರ್ಷವಾಯಿತಂತೆ.

ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳನ್ನೆಲ್ಲ ಹೇಳಿದೆ. ಆ ದಿನ ನನ್ನದೇ ತಪ್ಪು ಎಂದೆ. ಇದು ನಿನ್ನದೇ ಕೆಲಸ, ನಿನ್ನ ಗ್ರಂಥಾಲಯದಲ್ಲಿರಲಿ ಎಂದು ಪುಸ್ತಕ ಮುಂದೆ ಇಟ್ಟೆ. ಅವಳು ಕೈ ಸೀರೆಗೆ ಒರೆಸಿಕೊಂಡು ಪುಟ ತಿರುವಿದಳು. ಕೃತಜ್ಞತೆಯ ಪುಟ ನೋಡಿ ಮುಂದೆ ಹೋದಳು. ನಲವತ್ತು ಹನಿಗಳ ಪಟ್ಟಿ ಇದ್ದ ಪುಟಕ್ಕೆ ಬಂದಾಗ ಅವಳ ಬೆರಳು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯಿತು. ಅದು ನಿಲ್ಲಬಾರದ ಜಾಗದಲ್ಲಿ ನಿಂತಿತು.

“ಹದಿನೇಳನೇ ಹನಿ,” ಎಂದಳು. “ಇದರಾಗ ಕೆಂಪು ಒಂಬತ್ತು ಇದ್ವು, ನೀಲಿ ಎರಡು. ಕೊರತಿ ಏಳು ಬಂದಿತ್ತು. ನೀವು ಕೆಂಪು ಏಳು ಬರದೀರಿ. ಕೊರತಿ ಐದ ಆಗೇತಿ.”

ಆ ಒಂದು ಹನಿ ನನ್ನ ಲೆಕ್ಕದ ಗೆರೆಯಿಂದ ದೂರ ನಿಂತು ಇಡೀ ಅಧ್ಯಾಯ ಕೆಡಿಸುತ್ತಿತ್ತು. ಎರಡು ಕೆಂಪು ಅಳಿಸಿದೆ, ಗೆರೆ ಸರಿಯಾಯಿತು. ನನ್ನ ಗೈಡಿಗೂ ಗೊತ್ತಾಗಲಿಲ್ಲ, ಪರೀಕ್ಷಕರಿಗೂ ಗೊತ್ತಾಗಲಿಲ್ಲ. ಇಷ್ಟು ವರ್ಷ ನನಗೇ ಮರೆತಂತಿತ್ತು.

“ಐದ ಸಲ ಎಣಿಸಿದ್ದೆ ಇದನ್ನ,” ಎಂದಳು ಅವಳು. “ಅಜ್ಜಿ ಹೋದ ವಾರ. ಅದಕ್ಕ ನೆನಪೈತಿ.”

“ಕಸ್ತೂರಿ...”

“ಚಾ ತರಸ್ತೇನಿ, ಕುಂದರ್ರಿ.”

ಚಾ ಬಂತು. ಅವಳು ಎದುರಿಗೆ ಕೂತು ಮುದ್ದೇಬಿಹಾಳದಲ್ಲಿ ನೀರಿನ ತ್ರಾಸ ಇದೆಯೇ ಎಂದು ಕೇಳಿದಳು, ನಾನು ಕುಂಟುತ್ತ ಬಂದದ್ದನ್ನು ನೋಡಿ ಮೊಣಕಾಲು ಹೇಗಿದೆ ಎಂದು ಕೇಳಿದಳು. ನಾನು ಎದ್ದಾಗ ಅವಳೂ ಎದ್ದು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ತಿರುಗಿ ಕೊಟ್ಟಳು.

“ಇದನ್ನ ಇಲ್ಲಿ ಇಡಾಕ ಬರಂಗಿಲ್ಲರಿ ಮೇಡಂ,” ಎಂದಳು. “ಹುಡುಗರು ಓದ್ತಾರ.”